ದಫ್ತರದಲ್ಲಿಲ್ಲದ ಕಂಬ

ವಾಸ್ಕೋದ ನಗರಪಾಲಿಕೆಯ ಗೋಡೆಗಂಟಿ
ನನ್ನ ಮೇಜು; ಒಂದು ಕಾಲಿನಡಿ ಮಡಚಿಟ್ಟ ರಟ್ಟು.
ಅರ್ಜಿಗೆ ಮೂವತ್ತು ರೂಪಾಯಿ, ಲಗತ್ತಿಗೆ ಬೇರೆ.
ಜನ ಕನ್ನಡದಲ್ಲಿ ಬೈಯುತ್ತಾರೆ,
ನಾನದನ್ನು ಇಂಗ್ಲಿಷಿನಲ್ಲಿ ಸವಿನಯ ಪ್ರಾರ್ಥನೆ ಮಾಡುತ್ತೇನೆ.

ಬಂದರಿನ ಲಾರಿಯವರಿಗೆ ರೊಟ್ಟಿ ಮಾರುವ ಫಕೀರವ್ವ
ಮಳೆಗಾಲಕ್ಕೆ ಮೊದಲು ಬಂದಳು,
ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು:
“ಮಾಂಗೋರ್ ಗುಡ್ಡದ ಪಾವಟಿಗಿ ಗೊತ್ತೈತಲ್ರಿ,
ನೂರಾ ಹನ್ನೊಂದು. ನಡಬರಕ ಒಂದು ಕಂಬ.
ದೀಪಿಲ್ಲ. ಮೊನ್ನೆ ಯಂಕಪ್ಪನ ಹೇಣ್ತಿ
ತುಂಬಿದ ಕೊಡದ ಕೂಡ ಉಳ್ಳಿ ಬಿದ್ಲು.
ಕೊಡ ಸೀಳ್ತು. ಕಾಲೂ.
ಬರೀರಿ.”

ಬರೆದೆ.

ಐದನೆಯ ಕಿಟಕಿಯ ಎರ್ಮೆಲಿನ್ ಬಾಯಿ ಕೆಟ್ಟವಳಲ್ಲ.
ಸ್ಪಂಜಿನ ನೀರಿಗೆ ಬೆರಳದ್ದಿ
ದಫ್ತರ ಮೂರು ಸಲ ತಿರುವಿದಳು.
ನೂರಾ ಹದಿಮೂರನೆಯ ಕಂಬ ಇದೆ. ನೂರಾ ಹದಿನೈದೂ ಇದೆ.
ನಿಮ್ಮದು ಇಲ್ಲ.
ಇಲ್ಲದ ಕಂಬಕ್ಕೆ ದೀಪ ಎಲ್ಲಿಂದ ಹಾಕಲಿ?
ವಿದ್ಯುತ್ ಇಲಾಖೆಯಲ್ಲಿ ಕೇಳಿ ನೋಡಿ.
ಅವರು, ಗುಡ್ಡ ಬಂದರಿನವರದು ಎಂದರು.
ಬಂದರಿನವರು ಗುಡ್ಡ ಒಪ್ಪಿಕೊಂಡರು, ಕಂಬವನ್ನಲ್ಲ.
ಮತ್ತೆ ಐದನೆಯ ಕಿಟಕಿ.
ಫಾಲ್ಯಾಂ ಯೊ, ಅಂದಳು ಬಾಯಿ. ನಾಳೆ ಬಾ.

ನಮ್ಮೂರ ಕದಗಳ ಮೇಲೆ ಒಂದು ಕಾಲಕ್ಕೆ
ಸುಣ್ಣದಲ್ಲಿ ಬರೆದಿರುತ್ತಿದ್ದರು ಅದನ್ನೇ, ದೆವ್ವಕ್ಕೆ.
ಓದಿಕೊಂಡು ಹಿಂದಿರುಗುತ್ತಿತ್ತಂತೆ ಪಾಪ,
ಮರುರಾತ್ರಿ ಬಂದು ಮತ್ತೆ ಓದುತ್ತಿತ್ತಂತೆ.
ಫಕೀರವ್ವನಿಗೆ ಓದು ಬಾರದು.
ಹದಿನಾಲ್ಕು ತಿಂಗಳು ಬಂದಳು.
ಅರ್ಜಿಯ ನಕಲು ರೊಟ್ಟಿಯ ಬಟ್ಟೆಯಲ್ಲೇ ಇದ್ದು ಇದ್ದು
ಸಜ್ಜೆ ಹಿಟ್ಟಿನ ವಾಸನೆ ಹಿಡಿಯಿತು.

ಲೈನ್‌ಮನ್ ಇನಾಸ್ ಆ ಗುಡ್ಡದಲ್ಲೇ ಮನೆ ಮಾಡಿದವ.
ಒಂದು ಭಾನುವಾರ, ಇಗರ್ಜಿಯಿಂದ ಬಂದ ಅಂಗಿಯಲ್ಲೇ,
ಏಣಿ ಆನಿಸಿ ಹತ್ತಿದ.
ಬಲ್ಬಿಗೆ ಮನೆಗೆ ಐದೈದು ರೂಪಾಯಿ ಕೂಡಿತ್ತು.
ಹತ್ತಿತು.
ಪಾಚಿ ಕಂಡಿತು. ಯಾರದೋ ಒಂಟಿ ಚಪ್ಪಲಿ.
ಅರವತ್ತನೆಯ ಪಾವಟಿಗೆ ಇಲ್ಲವೇ ಇಲ್ಲ ಎಂಬುದೂ ಕಂಡಿತು.
ಇಷ್ಟು ವರ್ಷ ಕತ್ತಲಲ್ಲಿ ಎಲ್ಲರೂ
ಎಣಿಸದೆ ಅದನ್ನು ದಾಟುತ್ತಿದ್ದರು;
ಬೆಳಕಾದ ಮೇಲೆ ಮೂವರು ಮುಗ್ಗರಿಸಿದರು.

ಒಂಬತ್ತನೆಯ ದಿನ ಜೀಪು ಬಂತು.
ಬಲ್ಬು ತಿರುಚಿ ಒಯ್ದರು. ಇನಾಸನಿಗೆ ಕಾಣಕೋಣಕ್ಕೆ ವರ್ಗ.
ಕಂಬದ ಮೈಗೆ ಗೋಂದಿನಲ್ಲಿ ಒಂದು ಕಾಗದ.

ಫಕೀರವ್ವ ಅದನ್ನು ಹರಿಯದ ಹಾಗೆ ನೀರು ಹಚ್ಚಿ ಬಿಡಿಸಿ
ನನ್ನ ಮೇಜಿನ ಮೇಲೆ ಹಾಸಿದಳು.
“ಬೈದಾರೇನ್ರಿ?”
ಬೈದಿದ್ದರು.
ಎರಡು ಸಲ ಓದಿದೆ. ನಗು ಬಂತು.
ಅವಳ ಬೆರಳು ಹಿಡಿದು ಮೂರನೆಯ ಸಾಲಿನ ಮೇಲಿಟ್ಟೆ:
ಅನಧಿಕೃತವಾಗಿ ದೀಪ ಹಾಕಲಾದ
ಕಂಬ ಸಂಖ್ಯೆ ನೂರಾ ಹದಿನಾಲ್ಕು.
ಕೆಳಗೆ ಸಹಿ. ದುಂಡು ಮೊಹರು. ಜಾವಕ ನಂಬರು.

ಫಕೀರವ್ವ ಬಹಳ ಹೊತ್ತು ಆ ಮೊಹರು ನೋಡಿದಳು.
“ಅಂದ್ರ, ಹುಟ್ಟೇತಿ ಅನ್ರಿ ಕಂಬ.”
ಹೌದವ್ವಾ.
“ಬಾರಸಾ ಮಾಡೋಣು. ಬರೀರಿ.”

ಹೊಸ ಹಾಳೆ ತೆಗೆದೆ.
ಲಗತ್ತು ಒಂದು: ತಮ್ಮದೇ ನೋಟೀಸು.
ಲಗತ್ತಿನ ದುಡ್ಡು ಬೇಡವೆಂದೆ. ಕೇಳಲಿಲ್ಲ,
ಎರಡು ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಹೋದಳು.
ಐದನೆಯ ಕಿಟಕಿಯಲ್ಲಿ ಈಗ ಎರ್ಮೆಲಿನ್ ಬಾಯಿ ಇಲ್ಲ,
ಹೊಸ ಹುಡುಗ; ದಫ್ತರ ಇನ್ನೂ ಅವನ ಕೈಗೆ ಬಂದಿಲ್ಲವಂತೆ.

ಸಂಜೆ ಗುಡ್ಡದ ಕಡೆ ಹೋದಾಗ ಕೇಳಿಸಿತು:
ಮೊಮ್ಮಗಳ ಕೈ ಹಿಡಿದು ಕತ್ತಲಲ್ಲಿ ಏರುತ್ತ
ಐವತ್ತೆಂಟು, ಐವತ್ತೊಂಬತ್ತು,
“ಇಲ್ಲಿ ಎತ್ತಿ ಇಡು ಕಾಲ.”